ಈಜಿಪ್ಟಿನ 4ನೇ ರಾಜವಂಶ: ಸ್ನೆಫೆರು ಆಳಿದ್ದು 24 ವರ್ಷವೋ 48 ವರ್ಷವೋ? ಒಬ್ಬನಿಗೇ ಮೂರು ಪಿರಮಿಡ್ಡು ಯಾಕೆ?

ತಾಳೆಗರಿ (ಪ್ರಶ್ನೆ)

ಈಜಿಪ್ಟಿನ 4ನೇ ರಾಜವಂಶದ ಅರಸರ ಪಟ್ಟಿಯೊಂದನ್ನು ಗೋಡೆಪಟಕ್ಕಾಗಿ ಸಿದ್ಧಪಡಿಸುತ್ತಿದ್ದೇನೆ. ಅನುಕ್ರಮ ಹೀಗೆ ಬರೆದುಕೊಂಡಿದ್ದೇನೆ: ಸ್ನೆಫೆರು, ಖುಫು, ಜೆಡೆಫ್ರೆ, ಖಫ್ರೆ, ಮೆನ್ಕೌರೆ, ಶೆಪ್ಸೆಸ್ಕಾಫ್. ಮುಂದಿನ ಕಾಲಂಗಳನ್ನು ತುಂಬಲು ಹೋದಾಗ ಒಂದಕ್ಕೊಂದು ತಾಳೆಯಾಗುತ್ತಿಲ್ಲ.

ಮೊದಲನೆಯದು ವರ್ಷ. ವಂಶ ಶುರುವಾದದ್ದು ಒಂದು ಕಡೆ ಕ್ರಿ.ಪೂ. 2613, ಇನ್ನೊಂದು ಕಡೆ 2575. ಸ್ನೆಫೆರು ಆಳಿದ್ದು 24 ವರ್ಷ ಎನ್ನುವವರೂ ಇದ್ದಾರೆ, 48 ಎನ್ನುವವರೂ ಇದ್ದಾರೆ. ಸರಿಯಾಗಿ ಎರಡು ಪಟ್ಟು ಬರುತ್ತಿರುವುದರಿಂದ ಇದರ ಹಿಂದೆ ಏನೋ ಲೆಕ್ಕ ಇರಬೇಕು. ಖುಫುವಿಗಂತೂ 23, 27, 50, 63 ಎಲ್ಲವೂ ಸಿಗುತ್ತವೆ.

ಎರಡನೆಯದು ಕಟ್ಟಡ. ಸ್ನೆಫೆರು ಒಬ್ಬನೇ ಮೂರು ದೊಡ್ಡ ಪಿರಮಿಡ್ಡು ಕಟ್ಟಿಸಿದ್ದು ಯಾಕೆ? ದಹ್ಶೂರಿನದು ಅರ್ಧಕ್ಕೆ ಬಾಗಿದ್ದು ಯಾಕೆ? ಮೈದುಮ್ ಪಿರಮಿಡ್ಡು ಕುಸಿದು ಬಿದ್ದದ್ದನ್ನು ಕಂಡು ಹೆದರಿ ದಹ್ಶೂರಿನಲ್ಲಿ ಕೋನ ಬದಲಿಸಿದರು ಎಂಬ ವಿವರಣೆ ಎಷ್ಟು ಸರಿ?

ಮೂರನೆಯದು ಜೆಡೆಫ್ರೆ. ಅಣ್ಣನನ್ನು ಕೊಂದು ಪಟ್ಟಕ್ಕೆ ಬಂದ, ಅದಕ್ಕೇ ಗೀಝಾ ಬಿಟ್ಟು ದೂರ ಹೋದ, ಅದಕ್ಕೇ ಅವನ ಪಿರಮಿಡ್ಡನ್ನು ಕೆಡವಿದರು ಎಂಬ ಕಥೆ ಎಲ್ಲ ಕಡೆ ಇದೆ. ಪಟದಲ್ಲಿ ಹಾಕಬಹುದೇ?

---

ಕಾಲಗಣನೆ

ವರ್ಷದ ಪ್ರಶ್ನೆಯನ್ನು ಮೊದಲು ಬಿಡಿಸೋಣ. ನೀವು ಊಹಿಸಿದಂತೆ ಅದರ ಹಿಂದೆ ಲೆಕ್ಕ ಇದೆ.

ಆ ಕಾಲದಲ್ಲಿ 'ಇಂಥ ಅರಸನ 15ನೇ ವರ್ಷ' ಎಂದು ಬರೆಯುತ್ತಿರಲಿಲ್ಲ. ರಾಜ್ಯದ ಜಾನುವಾರುಗಳನ್ನು ಲೆಕ್ಕ ಹಾಕಿ ಕಂದಾಯ ಗೊತ್ತುಮಾಡುವ ಪದ್ಧತಿ ಇತ್ತು. '15ನೇ ಎಣಿಕೆಯ ವರ್ಷ' ಎಂದೋ '15ನೇ ಎಣಿಕೆಯ ನಂತರದ ವರ್ಷ' ಎಂದೋ ಕಲ್ಲಿನ ಮೇಲೆ ಬರೆಯುತ್ತಿದ್ದರು. ಎಣಿಕೆ ಎರಡು ವರ್ಷಕ್ಕೊಮ್ಮೆ ಕಟ್ಟುನಿಟ್ಟಾಗಿ ನಡೆದಿದ್ದರೆ ಎಣಿಕೆಯ ಸಂಖ್ಯೆಯನ್ನು ಎರಡರಿಂದ ಗುಣಿಸಬೇಕು. ವರ್ಷಕ್ಕೊಮ್ಮೆ ನಡೆದಿದ್ದರೆ ಇದ್ದಹಾಗೇ ತೆಗೆದುಕೊಳ್ಳಬೇಕು. ಸ್ನೆಫೆರುವಿಗೆ ಸಿಕ್ಕಿರುವ ಅತಿ ಹೆಚ್ಚಿನ ಎಣಿಕೆ 24ನೆಯದು. ನಿಮ್ಮ 24 ಮತ್ತು 48ರ ಗಂಟು ಇರುವುದು ಇಲ್ಲಿ. ಜೊತೆಗೆ, ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ ಬರೆದ ಟ್ಯೂರಿನ್ ಪಪೈರಸ್ ಎಂಬ ಅರಸರ ಪಟ್ಟಿಯೂ ಅವನಿಗೆ 24 ವರ್ಷ ಕೊಡುತ್ತದೆ. ಆ ಪಟ್ಟಿ ಬರೆದವನು ಎಣಿಕೆಯನ್ನೇ ವರ್ಷ ಎಂದುಕೊಂಡಿದ್ದಿರಬಹುದು. ಆದ್ದರಿಂದ ಎರಡೂ ಕಡೆ 24 ಬಂತು ಎಂಬ ಕಾರಣಕ್ಕೆ ಅದನ್ನು ಎರಡು ಸಾಕ್ಷಿ ಎಂದು ಎಣಿಸಬೇಡಿ.

ಹಾಗಾದರೆ 48 ಸರಿಯೇ? ಅದೂ ಅಲ್ಲ. ಹಳೆಯ ಅರಸರ ವರ್ಷವಾರು ದಾಖಲೆ ಕೆತ್ತಿದ ಪಲೆರ್ಮೊ ಶಿಲೆಯಲ್ಲಿ ಸ್ನೆಫೆರುವಿನ ಕೆಲವು ವರ್ಷಗಳ ದಾಖಲೆ ಒಂದರ ಪಕ್ಕ ಒಂದು ಚೌಕದಲ್ಲಿ ಉಳಿದಿದೆ. ಅಲ್ಲಿ 7ನೇ ಎಣಿಕೆಯ ಪಕ್ಕದ ಚೌಕದಲ್ಲೇ 8ನೇ ಎಣಿಕೆ ಇದೆ, ನಡುವೆ ಖಾಲಿ ವರ್ಷ ಇಲ್ಲ. ಅಂದರೆ ಅವನ ಕಾಲದಲ್ಲಿ ಕನಿಷ್ಠ ಒಮ್ಮೆಯಾದರೂ ಸತತ ಎರಡು ವರ್ಷ ಎಣಿಸಿದ್ದಾರೆ. ಅವನ ಪಿರಮಿಡ್ಡುಗಳ ಕಲ್ಲಿನ ಮೇಲೆ ಕೆಲಸಗಾರರು ಗೀಚಿದ ತಾರೀಕುಗಳಲ್ಲೂ 'ಎಣಿಕೆಯ ವರ್ಷ'ಗಳು ಹೆಚ್ಚು, 'ನಂತರದ ವರ್ಷ'ಗಳು ಕಡಿಮೆ. ಎರಡು ವರ್ಷಕ್ಕೊಮ್ಮೆ ತಪ್ಪದೆ ನಡೆದಿದ್ದರೆ ಎರಡೂ ಹೆಚ್ಚುಕಡಿಮೆ ಸಮನಾಗಿ ಸಿಗಬೇಕಿತ್ತು. ಹಾಗಾಗಿ 24ಕ್ಕಿಂತ ಹೆಚ್ಚು, 48ಕ್ಕಿಂತ ಸಾಕಷ್ಟು ಕಡಿಮೆ ಎಂಬುದು ನನ್ನ ತೀರ್ಮಾನ. ಪಟದಲ್ಲಿ 'ಸುಮಾರು 30 ವರ್ಷ' ಎಂದು ಬರೆದರೆ ಯಾರೂ ಆಕ್ಷೇಪಿಸಲಾರರು.

ಖುಫುವಿನ ಲೆಕ್ಕ ಇದಕ್ಕಿಂತ ಚೊಕ್ಕ. ಅವನ ಕಾಲದ್ದೇ ಆದ ಅತಿ ಹೆಚ್ಚಿನ ತಾರೀಕು '13ನೇ ಎಣಿಕೆಯ ನಂತರದ ವರ್ಷ'. ಎರಡು ವರ್ಷಕ್ಕೊಮ್ಮೆ ಎಣಿಕೆ ಎಂದಾದರೆ, ಮೊದಲ ಎಣಿಕೆ ಪಟ್ಟಕ್ಕೆ ಬಂದ ವರ್ಷವೇ ಆಗಿದ್ದಲ್ಲಿ ಅದು 26ನೇ ವರ್ಷ, ಮರುವರ್ಷ ಆಗಿದ್ದಲ್ಲಿ 27ನೇ ವರ್ಷ. ಟ್ಯೂರಿನ್ ಪಟ್ಟಿ 23 ಎನ್ನುತ್ತದೆ. 50 ಎಂದದ್ದು ಗ್ರೀಕ್ ಇತಿಹಾಸಕಾರ ಹೆರೊಡೊಟಸ್, 63 ಎಂದದ್ದು ಈಜಿಪ್ಟಿನ ಪುರೋಹಿತ ಮನೆಥೊ. ಇಬ್ಬರೂ ಖುಫುವಿಗಿಂತ ಎರಡು ಸಾವಿರ ವರ್ಷ ಈಚಿನವರು. ಆ ಎರಡನ್ನೂ ಬಿಟ್ಟುಬಿಡಿ.

2613 ಮತ್ತು 2575 ಎರಡೂ ಮಾನ್ಯ ಕಾಲಗಣನೆಗಳೇ. ಒಂದರ ಪ್ರಕಾರ ವಂಶ 2613 ರಿಂದ 2494, ಇನ್ನೊಂದರ ಪ್ರಕಾರ 2575 ರಿಂದ 2465. ಅಷ್ಟು ಹಿಂದಿನ ಕಾಲಕ್ಕೆ ಹೋದಾಗ ದಶಕಗಳ ಲೆಕ್ಕದಲ್ಲಿ ಹಿಂದುಮುಂದಾಗುವುದು ಸಹಜ. ಯಾವುದನ್ನಾದರೂ ಆರಿಸಿಕೊಳ್ಳಿ, ಆದರೆ ಒಂದನ್ನೇ ಕೊನೆಯವರೆಗೆ ಹಿಡಿಯಿರಿ. ಸ್ನೆಫೆರುವಿಗೆ ಒಂದು ಪುಸ್ತಕದ ವರ್ಷ, ಖುಫುವಿಗೆ ಇನ್ನೊಂದು ಪುಸ್ತಕದ ವರ್ಷ ತೆಗೆದುಕೊಂಡರೆ ಮಗ ಅಪ್ಪನಿಗಿಂತ ಮೊದಲೇ ಪಟ್ಟಕ್ಕೆ ಬಂದಂತೆ ಆಗಿಬಿಡುತ್ತದೆ. ಪಟಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದು.

ಸ್ನೆಫೆರುವಿನ 'ಸಾಧನೆ' ಕಾಲಂಗೂ ಪಲೆರ್ಮೊ ಶಿಲೆಯೇ ಆಧಾರ. 40 ಹಡಗು ತುಂಬ ದೇವದಾರು ಮರ ತಂದದ್ದು, 100 ಮೊಳ ಉದ್ದದ ಹಡಗು ಕಟ್ಟಿಸಿದ್ದು, ನೂಬಿಯಾದ ಮೇಲೆ ದಂಡೆತ್ತಿ 7,000 ಸೆರೆಯಾಳು, 2,00,000 ಜಾನುವಾರು ಹಿಡಿದು ತಂದದ್ದು ಅದರಲ್ಲಿದೆ. ಮರದ ಲೆಕ್ಕ ನಂಬುವಂಥದ್ದೇ; ಬಾಗಿದ ಪಿರಮಿಡ್ಡಿನ ಮೇಲಿನ ಕೋಣೆಯಲ್ಲಿ ದೇವದಾರು ತೊಲೆಗಳು ಇಂದಿಗೂ ಇವೆ. ಜಾನುವಾರಿನ ಅಂಕಿ ಅರಸನ ಹೊಗಳಿಕೆಯ ಭಾಗ, ಅದನ್ನು 'ಶಿಲೆಯ ಪ್ರಕಾರ' ಎಂದು ಸೇರಿಸಿಯೇ ಬರೆಯಿರಿ.

---

ಗಾರೆಮಟ್ಟ

ಕಟ್ಟಡದ ಭಾಗ ನಾನು ಬರೆಯುತ್ತೇನೆ. ಈ ವಂಶದ ದೊಡ್ಡ ಸಾಧನೆ ಯಾವುದು ಎಂದರೆ ಎಲ್ಲರೂ ಖುಫುವಿನ ಪಿರಮಿಡ್ಡಿನತ್ತ ಬೆರಳು ತೋರಿಸುತ್ತಾರೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು ಸ್ನೆಫೆರುವಿನ ಮೂರು ಕಟ್ಟಡಗಳಲ್ಲಿ ಅವರು ತಪ್ಪು ಮಾಡಿ, ತಿದ್ದಿ, ಕಲಿತದ್ದು. ಗಾತ್ರದಲ್ಲೂ ಅವನೇ ಮುಂದೆ: ಮೂರನ್ನೂ ಕೂಡಿಸಿದರೆ 35 ಲಕ್ಷ ಘನ ಮೀಟರ್ ದಾಟುತ್ತದೆ, ಖುಫುವಿನದು 26 ಲಕ್ಷ.

ಮೈದುಮ್. ಮೊದಲು 7 ಮೆಟ್ಟಿಲಿನ ಪಿರಮಿಡ್ಡಾಗಿ ಕಟ್ಟಿದರು, ಆಮೇಲೆ ಹಿಗ್ಗಿಸಿ 8 ಮೆಟ್ಟಿಲು ಮಾಡಿದರು, ಕೊನೆಗೆ ಮೆಟ್ಟಿಲುಗಳ ಸಂದು ತುಂಬಿ ನುಣುಪಾದ ಇಳಿಜಾರು ಮಾಡಲು ಹೊರಟರು. ಬುಡ 144 ಮೀಟರ್, ಗುರಿ ಇಟ್ಟ ಎತ್ತರ ಸುಮಾರು 92 ಮೀಟರ್. ಎಡವಟ್ಟಾದದ್ದು ಈ ಕೊನೆಯ ಹಂತದಲ್ಲಿ. ಮೆಟ್ಟಿಲಿನ ಹೊರಮೈಯನ್ನು ಆಗಲೇ ಚೆನ್ನಾಗಿ ನಯಮಾಡಿ ಮುಗಿಸಿದ್ದರು. ಹೊಸ ಕಲ್ಲನ್ನು ಆ ನುಣುಪು ಮೈಗೆ ಆನಿಸಿ ಇಟ್ಟರು; ಹಳೆಯ ಗೋಡೆಗೂ ಹೊಸದಕ್ಕೂ ಹಲ್ಲು ಕಚ್ಚಲಿಲ್ಲ. ಹಳೆಯ ಮನೆಯ ಗಿಲಾವು ಮಾಡಿದ ಗೋಡೆಗೆ ಕಚ್ಚು ಬಿಡದೆ ಹೊಸ ಗೋಡೆ ತಾಗಿಸಿ ಕಟ್ಟಿದರೆ ಏನಾಗುತ್ತದೆ ಎಂದು ಯಾವ ಮೇಸ್ತ್ರಿಯನ್ನು ಕೇಳಿದರೂ ಹೇಳುತ್ತಾರೆ. ಸಾಲದ್ದಕ್ಕೆ ಒಳಗಿನ ಭಾಗ ಬಂಡೆಯ ಮೇಲೆ ನಿಂತಿದ್ದರೆ, ಹೊರಗಿನ ಈ ತುಂಬುಗಲ್ಲಿನ ಪಾಯ ಮರಳಿನ ಮೇಲೆ. ಈಗ ಉಳಿದಿರುವುದು ಸುತ್ತ ಕಲ್ಲುರಾಶಿ, ನಡುವೆ ಸುಮಾರು 65 ಮೀಟರ್ ಎತ್ತರದ ಗೋಪುರ.

ಬಾಗಿದ ಪಿರಮಿಡ್ಡು, ದಹ್ಶೂರ್. ಇಲ್ಲಿ ಶುರುವಿನಿಂದಲೇ ನುಣುಪು ಇಳಿಜಾರಿನ ಯೋಜನೆ, ಅದೂ 60 ಡಿಗ್ರಿಯ ಹತ್ತಿರ. ಆದರೆ ನೆಲ ಜಲ್ಲಿ, ಜೇಡಿ ಬೆರೆತ ಮೆದು ನೆಲ. ಭಾರ ಏರಿದಂತೆ ಕಟ್ಟಡ ಅಲ್ಲಲ್ಲಿ ಕುಸಿಯತೊಡಗಿ ಒಳಗಿನ ದಾರಿ, ಕೋಣೆಗಳಲ್ಲಿ ಬಿರುಕು ಬಿಟ್ಟಿತು. ಬಿರುಕುಗಳಿಗೆ ಜಿಪ್ಸಂ ಗಾರೆ ಮೆತ್ತಿದ ಗುರುತು ಇನ್ನೂ ಕಾಣುತ್ತದೆ. ಮೊದಲ ತಿದ್ದುಪಡಿಯಾಗಿ ಸುತ್ತಲೂ ಸುಮಾರು 15 ಮೀಟರ್ ದಪ್ಪದ ಕಲ್ಲಿನ ಪಟ್ಟಿ ಕಟ್ಟಿ ಬುಡವನ್ನು 157 ಮೀಟರಿನಿಂದ 188ಕ್ಕೆ ಹಿಗ್ಗಿಸಿದರು, ಇಳಿಜಾರನ್ನು 54 ಡಿಗ್ರಿ ಚಿಲ್ಲರೆಗೆ ತಗ್ಗಿಸಿದರು. ಅದೂ ಸಾಲಲಿಲ್ಲ. ಸುಮಾರು 47 ಮೀಟರ್ ಎತ್ತರಕ್ಕೆ ಬಂದಾಗ 43 ಡಿಗ್ರಿಗೆ ಇಳಿಸಿ, 105 ಮೀಟರಿಗೆ ಮುಗಿಸಿದರು. ಮೊದಲಿನ ಇಳಿಜಾರಿನಲ್ಲೇ ಹೋಗಿದ್ದರೆ 131 ಮೀಟರ್ ಆಗುತ್ತಿತ್ತು. ಲೆಕ್ಕ ಹಾಕಿದರೆ ಈ ಬಾಗಿನಿಂದ ಸುಮಾರು 1.3 ಲಕ್ಷ ಘನ ಮೀಟರ್ ಕಲ್ಲಿನ ಭಾರ ಕೋಣೆಗಳ ತಲೆಯ ಮೇಲಿಂದ ತಪ್ಪಿತು. ಮೇಲಿನ ಭಾಗದಲ್ಲಿ ಅದು ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು.

ಇನ್ನೊಂದು ಬದಲಾವಣೆ ಹೊರಗಿನಿಂದ ಸುಲಭವಾಗಿ ಕಾಣದು. ಬಾಗಿನ ಕೆಳಗೆ ಕಲ್ಲಿನ ವರಸೆಗಳನ್ನು (ಅಡ್ಡಸಾಲುಗಳನ್ನು) ಒಳಕ್ಕೆ ವಾಲಿಸಿ ಇಟ್ಟಿದ್ದಾರೆ, ಹಳೆಯ ಮೆಟ್ಟಿಲು ಪಿರಮಿಡ್ಡಿನ ರೂಢಿಯಂತೆ. ಒಳಕ್ಕೆ ವಾಲಿಸಿದರೆ ಹೊರಗೆ ಜಾರುವುದಿಲ್ಲ ಎಂಬ ಭರವಸೆ. ಆದರೆ ಹಾಗೆ ಇಟ್ಟಾಗ ಒತ್ತಡವೆಲ್ಲ ಒಳಮುಖವಾಗಿ ಟೊಳ್ಳು ಕೋಣೆಗಳತ್ತ ಹೋಗುತ್ತದೆ. ಬಾಗಿನ ಮೇಲೆ ವರಸೆಗಳು ಮಟ್ಟಸವಾಗಿವೆ. ಈ ಬದಲಾವಣೆಯೇ ಮುಂದಿನ ಎಲ್ಲ ಪಿರಮಿಡ್ಡುಗಳಿಗೆ ಬುನಾದಿ.

ಕೆಂಪು ಪಿರಮಿಡ್ಡು, ದಹ್ಶೂರಿನಲ್ಲೇ ಉತ್ತರಕ್ಕೆ. ಬುಡ 220 ಮೀಟರ್, ಬುಡದಿಂದಲೇ 43 ಡಿಗ್ರಿ, ವರಸೆಗಳೆಲ್ಲ ಮಟ್ಟಸ, ಎತ್ತರ 105. ಮೊದಲ ಸಲ ತೊಂದರೆಯಿಲ್ಲದೆ ಮುಗಿದ ನಿಜವಾದ ಪಿರಮಿಡ್ಡು. ಕೋಣೆಗಳ ಚಾವಣಿಗೆ ಒಂದಕ್ಕಿಂತ ಒಂದು ಸ್ವಲ್ಪ ಮುಂದೆ ಚಾಚಿದ ಕಲ್ಲುಗಳನ್ನು 12 ಮೀಟರಿಗೂ ಎತ್ತರಕ್ಕೆ ಪೇರಿಸಿದ್ದಾರೆ, ಅದು ಇಂದಿಗೂ ಜಗ್ಗಿಲ್ಲ. 'ಕೆಂಪು' ಎಂಬ ಹೆಸರು ಈಗ ಕಾಣುವ ಸ್ಥಳೀಯ ಕಲ್ಲಿನ ಬಣ್ಣದಿಂದ ಬಂದದ್ದು. ಕಟ್ಟಿದಾಗ ಅದು ಬಿಳಿ. ತುರಾ ಗಣಿಯ ಬಿಳಿ ಸುಣ್ಣದಕಲ್ಲಿನ ಹೊದಿಕೆಯನ್ನು ಆಮೇಲಿನವರು ಕಿತ್ತೊಯ್ದರು.

ಮೂರು ಯಾಕೆ ಎಂಬುದಕ್ಕೆ ಉತ್ತರ ಇದರಲ್ಲೇ ಇದೆ. ಮೈದುಮ್ ಹಳೆಯ ಮಾದರಿಯದು, ಎರಡನೆಯದು ಬಿರುಕುಬಿಟ್ಟಿತು, ನೆಮ್ಮದಿಯಾಗಿ ಮಲಗಲು ಮೂರನೆಯದು ಬೇಕಾಯಿತು. ಮೈದುಮ್ ಕುಸಿದಾಗ ದಹ್ಶೂರಿನಲ್ಲಿ ಕೆಲಸ ಅರ್ಧಕ್ಕೆ ಬಂದಿತ್ತು, ಆ ಸುದ್ದಿ ಕೇಳಿ ಕೋನ ತಗ್ಗಿಸಿದರು ಎಂಬುದು ಭೌತಶಾಸ್ತ್ರಜ್ಞ ಕುರ್ಟ್ ಮೆಂಡಲ್ಸನ್ ಮುಂದಿಟ್ಟ ವಾದ. ಕಟ್ಟಡಶಾಸ್ತ್ರದ ದೃಷ್ಟಿಯಿಂದ ಅದು ನನಗೆ ಒಪ್ಪಿಗೆಯಾಗುವಂತೆಯೇ ಇದೆ.

---

ಕಾಲಗಣನೆ

ಗಾರೆಮಟ್ಟ ಅವರೇ, ಕೊನೆಯ ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲ ಒಪ್ಪಿದೆ. ಮೈದುಮ್ ಸ್ನೆಫೆರುವಿನ ಕಾಲದಲ್ಲೇ ಒಮ್ಮೆಲೇ ಕುಸಿದಿದ್ದರೆ ಪೂರ್ವ ಬದಿಯ ಪುಟ್ಟ ಗುಡಿ ಕಲ್ಲುರಾಶಿಯಡಿ ಹೂತುಹೋಗಬೇಕಿತ್ತು. ಆದರೆ ಆ ಗುಡಿಯ ಗೋಡೆಯ ಮೇಲೆ 18ನೇ ರಾಜವಂಶದ ಕಾಲದ ಯಾತ್ರಿಕರು ಬರೆದ ಬರಹಗಳಿವೆ, ಅಂದರೆ ಸಾವಿರಕ್ಕೂ ಹೆಚ್ಚು ವರ್ಷಗಳ ನಂತರವೂ ಜನ ಒಳಗೆ ಹೋಗಿಬರುತ್ತಿದ್ದರು. ಅದೇ ಬರಹಗಳಲ್ಲಿ ಇದು ಸ್ನೆಫೆರುವಿನದು ಎಂಬ ಮಾತೂ ಇದೆ. ಹೊದಿಕೆ ಕುಸಿದದ್ದು ಆಮೇಲೆ, ಕಲ್ಲು ಕದಿಯುವವರು ಬುಡ ಸಡಿಲಿಸಿದ್ದೂ ಕಾರಣವಿರಬೇಕು. ದಹ್ಶೂರಿನಲ್ಲಿ ಕೋನ ಬದಲಾದದ್ದಕ್ಕೆ ದಹ್ಶೂರಿನ ಬಿರುಕುಗಳೇ ಸಾಕಷ್ಟು ಕಾರಣ.

---

ಗಾರೆಮಟ್ಟ

ಸರಿ, ಯಾತ್ರಿಕರ ಬರಹದ ಮುಂದೆ ನನ್ನ ವಾದ ನಿಲ್ಲುವುದಿಲ್ಲ, ಹಿಂತೆಗೆದುಕೊಂಡಿದ್ದೇನೆ. ಹಲ್ಲುಕಚ್ಚು ಇಲ್ಲದಿರುವುದು ಮತ್ತು ಮರಳಿನ ಪಾಯ ಕುಸಿತಕ್ಕೆ ಕಾರಣ ಎಂಬುದು ಹಾಗೇ ಇರಲಿ. ಯಾವಾಗ ಕುಸಿಯಿತು ಎನ್ನುವುದು ಬೇರೆ ಮಾತು.

---

ತಾಳೆಗರಿ

ಇಬ್ಬರಿಗೂ ಧನ್ಯವಾದ. ಮೈದುಮ್ ಸಾಲು ಹೊಡೆದು ಹಾಕಿದೆ. ಇನ್ನೆರಡು ಕೇಳಬೇಕು. ಡಿಗ್ರಿ ಎಂಬ ಅಳತೆ ಅವರಿಗೆ ಗೊತ್ತಿರಲಿಲ್ಲ ಅಲ್ಲವೇ? ಹಾಗಿದ್ದರೆ 43, 54, 51 ಎಂಬ ಕೋನಗಳನ್ನು ಕೆಲಸದ ಜಾಗದಲ್ಲಿ ಹೇಗೆ ಹಿಡಿಯುತ್ತಿದ್ದರು? ಇನ್ನೊಂದು, ಖುಫುವಿನ ಪಿರಮಿಡ್ಡಿನ ಕೆಲಸದ ಬಗ್ಗೆ ಆ ಕಾಲದ್ದೇ ಬರಹ ಸಿಕ್ಕಿದೆ ಎಂದು ಓದಿದೆ. ಅದು ಏನು?

---

ಗಾರೆಮಟ್ಟ

ಡಿಗ್ರಿ ಇರಲಿಲ್ಲ. ಅವರ ಅಳತೆಗೆ 'ಸೆಕೆದ್' ಎಂದು ಹೆಸರು. ಒಂದು ಮೊಳ ಮೇಲೇರಿದಾಗ ಎಷ್ಟು ಅಂಗೈ ಒಳಕ್ಕೆ ಸರಿಯಬೇಕು ಎಂಬುದೇ ಸೆಕೆದ್. ಅವರ ರಾಜಮೊಳ ಸುಮಾರು 52.4 ಸೆಂ.ಮೀ.; ಅದರಲ್ಲಿ 7 ಅಂಗೈ, ಒಂದು ಅಂಗೈಗೆ 4 ಬೆರಳು, ಒಟ್ಟು 28 ಬೆರಳು. ನಮ್ಮ ಶಿಲ್ಪಶಾಸ್ತ್ರದ ಮೊಳಕ್ಕೆ 24 ಅಂಗುಲ ಎಂಬ ರೂಢಿಯಿದೆ, ಎರಡನ್ನೂ ಬೆರೆಸಬೇಡಿ.

ಖುಫುವಿನದು (ನೀವು ಹೇಳಿದ 51 ಡಿಗ್ರಿ ಚಿಲ್ಲರೆ) ಸೆಕೆದ್ 5½. ಬುಡ 440 ಮೊಳ, ಅರ್ಧ 220. ಒಂದು ಮೊಳ ಏರಲು 5½ ಅಂಗೈ ಸರಿದರೆ, 220 ಮೊಳ ಅಂದರೆ 1,540 ಅಂಗೈ ಸರಿಯುವಷ್ಟರಲ್ಲಿ 280 ಮೊಳ ಏರಿರುತ್ತದೆ. 280 ಮೊಳ ಎಂದರೆ 146.6 ಮೀಟರ್. ತುದಿಯ ಕಲ್ಲುಗಳು ಹೋಗಿ ಈಗ ಉಳಿದಿರುವುದು 138.5. ಖಫ್ರೆಯದು 5¼, ಅದು 3-4-5 ತ್ರಿಕೋನದ ಇಳಿಜಾರು, ಕಲ್ಲುಕುಟಿಗನಿಗೆ ಪರೀಕ್ಷಿಸಲು ಬಲು ಸುಲಭ. ಬಾಗಿದ ಪಿರಮಿಡ್ಡಿನ ಕೆಳಭಾಗ ಸರಿಯಾಗಿ 5, ಮೇಲ್ಭಾಗ 7½ರ ಹತ್ತಿರ. ಅಂಕಿ ಚಿಕ್ಕದಾದಷ್ಟೂ ಇಳಿಜಾರು ಕಡಿದು. ಖುಫು, ಖಫ್ರೆ ಇಬ್ಬರೂ ದಹ್ಶೂರಿನ 5 ಮತ್ತು 7½ರ ನಡುವೆ ನಿಂತದ್ದನ್ನು ಗಮನಿಸಿ. ಕೆಂಪು ಪಿರಮಿಡ್ಡಿನಲ್ಲಿ ಮಟ್ಟಸ ವರಸೆಯ ಮೇಲೆ ನಂಬಿಕೆ ಬಂತು, ಆಮೇಲೆ ಕಡಿದು ಇಳಿಜಾರಿಗೆ ಧೈರ್ಯವಾಗಿ ಮರಳಿದರು. ಗೀಝಾದಲ್ಲಿ ಕೆಳಗೆ ಗಟ್ಟಿ ಬಂಡೆ ಇದ್ದದ್ದೂ ನೆರವಾಯಿತು.

ಕೆಲಸದಲ್ಲಿ ಕೋನ ತಪ್ಪುವ ಅಪಾಯ ಎಲ್ಲಿ ಎಂದರೆ ನಾಲ್ಕು ಮೂಲೆಗಳಲ್ಲಿ. ಒಂದು ಮೂಲೆಯಲ್ಲಿ ಪ್ರತಿ ವರಸೆಗೆ ಒಂದು ಬೆರಳು ಹೆಚ್ಚು ಸರಿದರೂ ಮೇಲೆ ಹೋದಾಗ ನಾಲ್ಕು ಅಂಚು ಒಂದೇ ಬಿಂದುವಿನಲ್ಲಿ ಕೂಡುವುದಿಲ್ಲ, ತುದಿ ತಿರುಚಿಕೊಳ್ಳುತ್ತದೆ. ಅದಕ್ಕೇ ಬುಡದ ಮಟ್ಟಕ್ಕೆ ಅಷ್ಟು ಗಮನ ಕೊಟ್ಟಿದ್ದಾರೆ: 230 ಮೀಟರ್ ಉದ್ದದ ಬದಿಗಳಲ್ಲಿ ಏರುಪೇರು ಎರಡು ಸೆಂಟಿಮೀಟರ್ ಚಿಲ್ಲರೆ ಮಾತ್ರ. ಬದಿಗಳು ನಿಜ ಉತ್ತರದಿಂದ ವಾಲಿರುವುದು ಒಂದು ಡಿಗ್ರಿಯ ಹದಿನೈದನೇ ಒಂದು ಭಾಗಕ್ಕಿಂತ ಕಡಿಮೆ.

ಇಷ್ಟೆಲ್ಲ ಇದ್ದೂ ಖುಫುವಿನಲ್ಲೂ ಬಿರುಕು ಇದೆ. ಅರಸನ ಕೋಣೆ 20 ಮೊಳಕ್ಕೆ 10 ಮೊಳ, ಪೂರ್ತಿ ಗ್ರಾನೈಟ್. ಚಾವಣಿಗೆ ಚಾಚುಗಲ್ಲಿನ ಬದಲು ಒಂಬತ್ತು ಚಪ್ಪಟೆ ತೊಲೆಗಲ್ಲು ಹಾಕಿದರು. ಚಪ್ಪಟೆ ಕಲ್ಲು ನಡುವೆ ಬಾಗಿ ಒಡೆಯುತ್ತದೆಂಬ ಅರಿವಿದ್ದುದರಿಂದ ಮೇಲೆ ಒಂದರ ಮೇಲೊಂದು ಐದು ತಗ್ಗು ಕೋಣೆ ಕಟ್ಟಿ, ಎಲ್ಲಕ್ಕಿಂತ ಮೇಲೆ ಎರಡು ಕಲ್ಲುಗಳನ್ನು ತಲೆಗೆ ತಲೆ ತಾಗಿಸಿ ಮನೆಯ ಸೂರಿನಂತೆ ನಿಲ್ಲಿಸಿದರು. ಹಾಗಿದ್ದರೂ ದಕ್ಷಿಣ ಗೋಡೆಯ ಬಳಿ ತೊಲೆಗಲ್ಲುಗಳು ಸೀಳಿವೆ. ಗ್ರಾನೈಟಿನ ಭಾಗ ಜಗ್ಗದೆ, ಸುತ್ತಲಿನ ಸುಣ್ಣದಕಲ್ಲಿನ ಕಟ್ಟಣೆ ಭಾರಕ್ಕೆ ಸ್ವಲ್ಪ ಕುಳಿತದ್ದು ಕಾರಣ ಎನ್ನುತ್ತಾರೆ. ಆ ಕೋಣೆ ಬಿದ್ದಿಲ್ಲ, 4,500 ವರ್ಷವಾಯಿತು.

ಇಳಿಜಾರು ದಾರಿಯ ಬಗ್ಗೆ ಪಟದಲ್ಲಿ ಒಂದೇ ನೇರ ದಿಬ್ಬದ ಚಿತ್ರ ಹಾಕಬೇಡಿ. 146 ಮೀಟರ್ ಎತ್ತರಕ್ಕೆ ನೂರಕ್ಕೆ ಎಂಟರ ಏರಿಕೆಯಲ್ಲಿ ದಾರಿ ಮಾಡಿದರೆ ಉದ್ದ 1.8 ಕಿ.ಮೀ. ಆಗುತ್ತದೆ, ಕಲ್ಲು ತೆಗೆದ ಗಣಿ ಇರುವುದು ಪಿರಮಿಡ್ಡಿನ ದಕ್ಷಿಣಕ್ಕೆ ಕೆಲವೇ ನೂರು ಮೀಟರ್ ದೂರದಲ್ಲಿ. ಇನ್ನೊಂದು ಲೆಕ್ಕ ಮರೆಯಬಾರದು: ಪಿರಮಿಡ್ಡಿನ ಎತ್ತರದ ಕೆಳಗಿನ ಮೂರನೇ ಒಂದು ಭಾಗದಲ್ಲೇ ಒಟ್ಟು ಕಲ್ಲಿನ ನೂರಕ್ಕೆ 70 ಇದೆ, ಅರ್ಧ ಎತ್ತರಕ್ಕೆ 87. ಅಂದರೆ ಬಹುಪಾಲು ಕಲ್ಲಿಗೆ ತಗ್ಗು ದಾರಿಗಳೇ ಸಾಕು. ಮೇಲಿನದಕ್ಕೆ ಕಟ್ಟಡಕ್ಕೇ ಅಂಟಿಕೊಂಡು ಸುತ್ತಿಬರುವ ದಾರಿ ಇದ್ದಿರಬೇಕು. ಹತ್ನುಬ್ ಗಣಿಯಲ್ಲಿ ಖುಫುವಿನ ಕಾಲದ ಒಂದು ದಾರಿ ಸಿಕ್ಕಿದೆ. ಅದರ ಏರಿಕೆ ನೂರಕ್ಕೆ 20ಕ್ಕೂ ಹೆಚ್ಚು, ಎರಡು ಬದಿಗೆ ಮೆಟ್ಟಿಲು, ಕಂಬ ನೆಟ್ಟ ಗುಳಿಗಳು. ಹಗ್ಗವನ್ನು ಕಂಬಕ್ಕೆ ಸುತ್ತಿ, ಕೆಲವರು ಕೆಳಮುಖವಾಗಿ ಎಳೆದು ಕಲ್ಲನ್ನು ಮೇಲೇರಿಸಿರಬಹುದು.

---

ನೀಲನದಿ

ನೀವು ಓದಿದ್ದು ಮೆರೆರ್‌ನ ದಿನಚರಿಯ ಬಗ್ಗೆ. ಕೆಂಪು ಸಮುದ್ರದ ದಂಡೆಯ ವಾದಿ ಅಲ್-ಜರ್ಫ್ ಎಂಬಲ್ಲಿ ಪಿಯೆರ್ ತಾಲೆ ಅವರ ತಂಡ 2013ರಲ್ಲಿ ಹೊರತೆಗೆದ ಪಪೈರಸ್ ಸುರುಳಿಗಳು. ಬರಹ ಇರುವ ಪಪೈರಸ್‌ಗಳಲ್ಲಿ ಇವಕ್ಕಿಂತ ಹಳೆಯವು ಇದುವರೆಗೆ ಸಿಕ್ಕಿಲ್ಲ. ತಾರೀಕು ಮೇಲೆ ಹೇಳಿದ ಅದೇ '13ನೇ ಎಣಿಕೆಯ ನಂತರದ ವರ್ಷ', ಅಂದರೆ ಖುಫುವಿನ ಕೊನೆಯ ದಿನಗಳು.

ಮೆರೆರ್ ಸುಮಾರು 40 ಜನರ ದೋಣಿ ತಂಡದ ಮೇಲ್ವಿಚಾರಕ. ದಿನಚರಿಯ ಹಾಳೆ ನಮ್ಮ ಹಾಜರಿ ಪುಸ್ತಕದಂತಿದೆ: ಮೇಲೆ ತಿಂಗಳು, ಕೆಳಗೆ ದಿನಕ್ಕೊಂದು ಚೌಕ, ಚೌಕದಡಿ ಆ ದಿನದ ಕೆಲಸ. ತುರಾ ಗಣಿ ನದಿಯ ಪೂರ್ವ ದಂಡೆಯಲ್ಲಿದೆ, ಹೊದಿಕೆಯ ಬಿಳಿ ಕಲ್ಲು ಅಲ್ಲಿಂದಲೇ ಬರಬೇಕು. ಕಲ್ಲು ತುಂಬುವುದು, ಹೊರಟು ರಾತ್ರಿ 'ಶೆ-ಖುಫು' ಎಂಬ ಕೆರೆಯಂಥ ಜಾಗದಲ್ಲಿ ತಂಗುವುದು, ಮರುದಿನ 'ಅಖೆತ್-ಖುಫು' ತಲುಪುವುದು, ಬರಿದೋಣಿಯಲ್ಲಿ ಹಿಂತಿರುಗುವುದು. ಅಖೆತ್-ಖುಫು ಎಂದರೆ 'ಖುಫುವಿನ ದಿಗಂತ', ಮಹಾಪಿರಮಿಡ್ಡಿನ ಆ ಕಾಲದ ಹೆಸರು. ಹತ್ತು ದಿನಕ್ಕೆ ಎರಡು ಮೂರು ಸಲ ಹೋಗಿಬರುತ್ತಿದ್ದರು. ಪಿರಮಿಡ್ಡಿನ ಬಳಿಯವರೆಗೆ ದೋಣಿ ಬರಲು ಕಾಲುವೆ, ಕೊಳ ತೋಡಿದ್ದರು. ನೆರೆ ಏರಿದ ತಿಂಗಳುಗಳಲ್ಲೇ ಈ ಸಾಗಣೆ ಸಲೀಸು. ಕೊಳದ ಬಾಯಿಯ ಉಸ್ತುವಾರಿ ಹೊತ್ತವನು ಅಂಖ್‌ಹಾಫ್, ಖುಫುವಿನ ಮಲತಮ್ಮ. ಅವನ ಎದೆಮಟ್ಟದ ಪ್ರತಿಮೆ ಈಗ ಬೋಸ್ಟನ್ ವಸ್ತುಸಂಗ್ರಹಾಲಯದಲ್ಲಿದೆ.

ಗಮನಿಸಬೇಕಾದ ಮಿತಿಯೊಂದಿದೆ. ದಿನಚರಿಯಲ್ಲಿ ಸಾಗಣೆಯ ವಿವರ ಇದೆ, ಕಲ್ಲನ್ನು ಮೇಲೇರಿಸಿದ ಕ್ರಮ ಇಲ್ಲ. 'ಪಿರಮಿಡ್ಡು ಕಟ್ಟಿದ ರಹಸ್ಯ ಬಯಲು' ಎಂಬ ತಲೆಬರಹಗಳನ್ನು ನಂಬಬೇಡಿ. ಒದ್ದೆ ಮರಳಿನ ಮೇಲೆ ಜಾರುಬಂಡಿ ಎಳೆಯುವ ಪ್ರಸಿದ್ಧ ಚಿತ್ರವನ್ನೂ ಖುಫುವಿನ ಕಾಲದ್ದೆಂದು ಹಾಕುತ್ತಾರೆ. ಅದು 12ನೇ ರಾಜವಂಶದ ಜೆಹುತಿಹೋತೆಪ್‌ನ ಸಮಾಧಿಯದು, ಎಳೆಯುತ್ತಿರುವುದೂ ಮೂರ್ತಿ, ಕಟ್ಟಡದ ಕಲ್ಲಲ್ಲ. ಮರಳಿಗೆ ಹದವಾಗಿ ನೀರು ಹಾಕಿದರೆ ಎಳೆಯುವ ಬಲ ಅರ್ಧದಷ್ಟು ಸಾಕು ಎಂದು ಆಮ್‌ಸ್ಟರ್‌ಡ್ಯಾಮಿನಲ್ಲಿ 2014ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ. ನೀರು ಹೆಚ್ಚಾದರೆ ಮತ್ತೆ ಕೆಸರಾಗಿ ಹಿಡಿಯುತ್ತದೆ.

ವಾದಿ ಅಲ್-ಜರ್ಫ್ ಬಂದರು ಇದ್ದದ್ದು ತಾಮ್ರಕ್ಕಾಗಿ. ಆಚೆ ದಡ ಸಿನಾಯ್; ಅಲ್ಲಿನ ವಾದಿ ಮಘಾರದಲ್ಲಿ ಸ್ನೆಫೆರು, ಖುಫು ಇಬ್ಬರ ಕಲ್ಲುಕೆತ್ತನೆಗಳೂ ಸಿಕ್ಕಿವೆ. ಕೆಲಸ ಮುಗಿದ ಮೇಲೆ ದೋಣಿಗಳನ್ನು ಬಿಚ್ಚಿ, ಬೆಟ್ಟದಲ್ಲಿ ಕೊರೆದ ಗವಿಗಳಲ್ಲಿಟ್ಟು ದೊಡ್ಡ ಕಲ್ಲುಗಳಿಂದ ಬಾಯಿ ಮುಚ್ಚುತ್ತಿದ್ದರು. ತಾಮ್ರದ ಉಳಿ ಸುಣ್ಣದಕಲ್ಲಿಗೆ ಸಾಕು, ಗ್ರಾನೈಟಿಗೆ ಸಾಲದು. ಅಸ್ವಾನಿನ ಗ್ರಾನೈಟನ್ನು ಡಾಲರೈಟ್ ಎಂಬ ಗಟ್ಟಿ ಕಲ್ಲಿನ ಗುಂಡುಗಳಿಂದ ಜಜ್ಜಿ ಆಕಾರಕ್ಕೆ ತರುತ್ತಿದ್ದರು, ಕೊಯ್ಯುವಾಗ ತಾಮ್ರದ ಗರಗಸದಡಿ ಮರಳು ಹಾಕುತ್ತಿದ್ದರು. ಕೊಯ್ಯುವುದು ಮರಳು, ತಾಮ್ರ ಅದನ್ನು ಉಜ್ಜುತ್ತದೆ ಅಷ್ಟೇ. ಉಜ್ಜಿದಂತೆ ತಾಮ್ರವೂ ಸವೆಯುತ್ತದೆ. ಸಿನಾಯ್‌ಗೆ ಮತ್ತೆ ಮತ್ತೆ ದಂಡು ಹೋದದ್ದರ ಕಾರಣ ಇಲ್ಲಿದೆ.

ಗುಲಾಮರು ಕಟ್ಟಿದ್ದು ಎಂದು ಮಾತ್ರ ಬರೆಯಬೇಡಿ. ಪಿರಮಿಡ್ಡುಗಳ ದಕ್ಷಿಣಕ್ಕೆ ಕೆಲಸಗಾರರ ಊರೇ ಸಿಕ್ಕಿದೆ, ರೊಟ್ಟಿ ಸುಡುವ ಮನೆಗಳ ಸಮೇತ. ಅವರ ಸಮಾಧಿಗಳು ಅರಸನ ಸಮಾಧಿಯ ಕಣ್ಣಳತೆಯಲ್ಲೇ ಇವೆ. ಮುರಿದು ಮತ್ತೆ ಕೂಡಿಕೊಂಡ ಮೂಳೆಗಳು ಆರೈಕೆ ಸಿಕ್ಕಿದ್ದನ್ನು ಹೇಳುತ್ತವೆ. ತಂಡಗಳಿಗೆ 'ಖುಫುವಿನ ಗೆಳೆಯರು', 'ಮೆನ್ಕೌರೆಯ ಕುಡುಕರು' ಎಂಬಂಥ ಹೆಸರು. ಕಲ್ಲುಗಳ ಮೇಲೆ ಕೆಂಪು ಬಣ್ಣದಲ್ಲಿ ಅವರೇ ಬರೆದುಕೊಂಡಿದ್ದಾರೆ. ಹಾಗೆಂದು ಎಲ್ಲರೂ ಇಷ್ಟಪಟ್ಟು ಬಂದ ಕೂಲಿಗಳೂ ಅಲ್ಲ. ಸರದಿಯ ಮೇಲೆ ಅರಸನಿಗೆ ಸಲ್ಲಿಸಬೇಕಾದ ದುಡಿಮೆ, ಬಿಟ್ಟಿ ಎಂದು ನಾವು ಕರೆಯುವಂಥದ್ದು, ಆದರೆ ಊಟವಿತ್ತು. ಹೆರೊಡೊಟಸ್‌ನ ಒಂದು ಲಕ್ಷ ಜನ ಹೆಚ್ಚಾಯಿತು; ಈಗಿನ ಅಂದಾಜು 20,000 ದಿಂದ 30,000. ಸುಮಾರು 23 ಲಕ್ಷ ಕಲ್ಲನ್ನು 27 ವರ್ಷಕ್ಕೆ ಹಂಚಿದರೆ ದಿನಕ್ಕೆ 233, ಹತ್ತು ಗಂಟೆಯ ದುಡಿಮೆಯಲ್ಲಿ ಎರಡೂವರೆ ನಿಮಿಷಕ್ಕೊಂದು. ಹಲವು ಬದಿಯಿಂದ ಒಟ್ಟಿಗೆ ಏರಿಸದೆ ಇದು ಆಗುವ ಮಾತಲ್ಲ.

---

ಕಾಲಗಣನೆ

ಜೆಡೆಫ್ರೆಯ ಬಾಕಿ ಇತ್ತು. ಕೊಲೆಯ ಕಥೆಗೆ ಆ ಕಾಲದ ಒಂದು ಸಾಲಿನ ಆಧಾರವೂ ಇಲ್ಲ, ಹಾಕಬೇಡಿ. ಖುಫುವಿನ ಪಿರಮಿಡ್ಡಿನ ದಕ್ಷಿಣದ ದೋಣಿಗುಂಡಿಯನ್ನು ಮುಚ್ಚಿದ ಕಲ್ಲುಗಳ ಮೇಲೆ ಜೆಡೆಫ್ರೆಯ ಹೆಸರೇ ಇದೆ. ಅಂದರೆ ಅಪ್ಪನ ಅಂತ್ಯಕ್ರಿಯೆಯ ಕೆಲಸ ಮುಗಿಸಿದವನು ಅವನು. ಆ ಗುಂಡಿಯಲ್ಲಿ 1954ರಲ್ಲಿ ಸಿಕ್ಕಿದ ದೇವದಾರು ಹಡಗು 1,224 ತುಂಡುಗಳಾಗಿತ್ತು. ಜೋಡಿಸಿದ ಮೇಲೆ 43 ಮೀಟರ್ ಚಿಲ್ಲರೆ ಉದ್ದ. ಅವನ ಪಿರಮಿಡ್ಡು ಇರುವ ಅಬು ರವಾಶ್ ಗೀಝಾದಿಂದ ಉತ್ತರಕ್ಕೆ ಸುಮಾರು 8 ಕಿ.ಮೀ. ಮಾತ್ರ, ಅದೂ ಎತ್ತರದ ಗುಡ್ಡ. ಮೈದುಮ್ ಬಿಟ್ಟು ದಹ್ಶೂರಿಗೆ ಹೋದ ಸ್ನೆಫೆರುವನ್ನು, ದಹ್ಶೂರ್ ಬಿಟ್ಟು ಗೀಝಾಕ್ಕೆ ಬಂದ ಖುಫುವನ್ನು ಯಾರೂ ದ್ರೋಹಿ ಎನ್ನುವುದಿಲ್ಲ. ಪಿರಮಿಡ್ಡನ್ನು ಕೆಡವಿದ್ದೂ ದ್ವೇಷದಿಂದಲ್ಲ: ಮಿಷೆಲ್ ವಲೋಜಿಯಾ ಅವರು 1995ರಿಂದ ನಡೆಸಿದ ಉತ್ಖನನದ ಪ್ರಕಾರ ರೋಮನ್ ಕಾಲದಲ್ಲಿ ಅದನ್ನು ಕಲ್ಲುಗಣಿಯಂತೆ ಬಳಸಿದ್ದಾರೆ. ಅವನ ಕಾಲಂಗೆ ಸಾಧನೆ ಬೇಕಿದ್ದರೆ ಇದೆ: 'ರೆಯ ಮಗ', ಅಂದರೆ ಸೂರ್ಯನ ಮಗ, ಎಂಬ ಬಿರುದನ್ನು ಮೊದಲು ಧರಿಸಿದವನು ಅವನು. ಮುಂದಿನ ಅರಸರೆಲ್ಲ ಅದನ್ನು ಉಳಿಸಿಕೊಂಡರು.

ಖಫ್ರೆಯ ಸಾಲಿನಲ್ಲಿ: ಬುಡ 215 ಮೀಟರ್, ಎತ್ತರ 143.5. ಖುಫುವಿನದಕ್ಕಿಂತ ಎತ್ತರ ಕಾಣುವುದು ನೆಲ ಸುಮಾರು 10 ಮೀಟರ್ ಮೇಲಿರುವುದರಿಂದ. ಮೆನ್ಕೌರೆಯದು ಸುಮಾರು 65 ಮೀಟರ್, ಕೆಳಗಿನ 16 ವರಸೆಗಳಿಗೆ ಗ್ರಾನೈಟ್ ಹೊದಿಕೆ. ಅವನ ಕಲ್ಲಿನ ಶವಪೆಟ್ಟಿಗೆ 1838ರಲ್ಲಿ ಇಂಗ್ಲೆಂಡಿಗೆ ಸಾಗುವಾಗ ಹಡಗಿನೊಂದಿಗೆ ಮುಳುಗಿತು. ಅವನ ಗುಡಿಗಳನ್ನು ಶೆಪ್ಸೆಸ್ಕಾಫ್ ಮಣ್ಣಿನ ಇಟ್ಟಿಗೆಯಲ್ಲಿ ಅವಸರವಾಗಿ ಮುಗಿಸಿದ. ಶೆಪ್ಸೆಸ್ಕಾಫ್ ತನಗೆ ಪಿರಮಿಡ್ಡನ್ನೇ ಕಟ್ಟಿಸಲಿಲ್ಲ. ದಕ್ಷಿಣ ಸಕ್ಕಾರದಲ್ಲಿ 99.6 ಮೀಟರಿಗೆ 74.4 ಮೀಟರಿನ ದೊಡ್ಡ ಮಸ್ತಬ (ಚಪ್ಪಟೆ ತಲೆಯ ಆಯತಾಕಾರದ ಸಮಾಧಿ ಕಟ್ಟಡ) ಅವನದು.

ಹಳೆಯ ಪಟ್ಟಿಗಳಲ್ಲಿ ಹೋರ್ಜೆಡೆಫ್, ಬೌಫ್ರೆ ಎಂಬ ಹೆಸರುಗಳೂ ಸಿಕ್ಕಾವು. ವಾದಿ ಹಮ್ಮಾಮಾತ್‌ನ ಬಂಡೆಬರಹದಲ್ಲಿ ಖಫ್ರೆಯ ನಂತರ ಅವರನ್ನು ಬರೆದಿದ್ದಾರೆ, ಆದರೆ ಅದು ನೂರಾರು ವರ್ಷ ಈಚಿನದು. ಅರಸರ ಸಾಲಿಗೆ ಸೇರಿಸಬೇಡಿ.

---

ತಾಳೆಗರಿ

ಕೊನೆಯದು: ಸ್ಫಿಂಕ್ಸನ್ನು ಖಫ್ರೆಯ ಹೆಸರಿಗೆ ಬರೆಯಲೇ?

---

ನೀಲನದಿ

'ಖಫ್ರೆಯ ಕಾಲದ್ದೆಂದು ಹೆಚ್ಚಿನವರ ಅಭಿಪ್ರಾಯ' ಎಂದು ಬರೆಯಿರಿ. 73 ಮೀಟರ್ ಉದ್ದ, 20 ಮೀಟರ್ ಎತ್ತರ, ನೆಲದ ಬಂಡೆಯಲ್ಲೇ ಕಡಿದದ್ದು. ಕಟ್ಟಿಸಿದವನ ಹೆಸರು ಹೇಳುವ ಆ ಕಾಲದ ಬರಹ ಅದರ ಮೇಲಿಲ್ಲ. ಸುತ್ತಲಿನ ಕಂದಕದಿಂದ ತೆಗೆದ ಕಲ್ಲಿನಿಂದಲೇ ಮುಂದಿನ ಗುಡಿ ಕಟ್ಟಿದ್ದಾರೆ, ಆ ಗುಡಿ ಖಫ್ರೆಯ ಪಿರಮಿಡ್ಡಿಗೆ ಸೇರಿದ, ಕೆಳಗಿನ ಕಣಿವೆ ಗುಡಿಗೆ ಮಗ್ಗುಲಲ್ಲೇ ಇದೆ, ಅಲ್ಲಿಂದ ಪಿರಮಿಡ್ಡಿಗೆ ಏರುವ ಅವನ ಮೇಲುದಾರಿ ಕಂದಕದ ಅಂಚಿನಲ್ಲೇ ಹಾದುಹೋಗುತ್ತದೆ. ಆಧಾರ ಇಷ್ಟು. ಖುಫುವಿನದು ಎನ್ನುವ ವಿದ್ವಾಂಸರೂ ಇದ್ದಾರೆ. ಖಚಿತವಾಗಿ ಖಫ್ರೆಯದೇ ಆದ ಶಿಲ್ಪ ಬೇಕಿದ್ದರೆ ಅದೇ ಕಣಿವೆ ಗುಡಿಯಲ್ಲಿ 1860ರಲ್ಲಿ ಸಿಕ್ಕಿದ ಕುಳಿತ ಮೂರ್ತಿಯ ಚಿತ್ರ ಹಾಕಿ: ತಲೆಯ ಹಿಂದೆ ರೆಕ್ಕೆ ಚಾಚಿದ ಗಿಡುಗ, ದೂರದ ದಕ್ಷಿಣದ ಅಬು ಸಿಂಬೆಲ್ ಕಡೆಯ ಮರುಭೂಮಿಯಿಂದ ತಂದ ಗಟ್ಟಿ ಕಲ್ಲು. ಪಕ್ಕದಲ್ಲಿ ಖುಫುವಿನ ದಂತದ ಬೊಂಬೆಯನ್ನೂ ಇಡಿ, ಹೆಸರು ಕೆತ್ತಿರುವ ಅವನ ಪೂರ್ತಿ ಪ್ರತಿಮೆ ಅದೊಂದೇ, ಎತ್ತರ 7.5 ಸೆಂ.ಮೀ. ಅಳತೆಯನ್ನು ಚಿತ್ರದ ಕೆಳಗೆ ತಪ್ಪದೆ ಬರೆಯಿರಿ, ಇಲ್ಲದಿದ್ದರೆ ಎರಡೂ ಒಂದೇ ಗಾತ್ರ ಎಂದು ಮಕ್ಕಳು ತಿಳಿಯುತ್ತಾರೆ.